ಹುಳುಮನೆಯ ಗೊರವಂಕ

ಮದುವೆಯಾಗಿ ಬೂದಿಗೆರೆಗೆ ಬಂದ ಮೇಲೆ ನಮ್ಮತ್ತೆ ದ್ಯಾವಮ್ಮ ಸುಮ್ಮನೆ ಕೂತದ್ದನ್ನು ನಾನು ಕಂಡದ್ದೇ ಕಡಿಮೆ. ಮನೆಯ ಹಿಂದೆ ರೇಷ್ಮೆಯ ಹುಳುಮನೆ. ಕೊನೆಯ ತಟ್ಟೆಗೆ ಸೊಪ್ಪು ಹಾಕಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮೊದಲ ತಟ್ಟೆ ಖಾಲಿ. ಮಕ್ಕಳು, ಹಸುಗಳು, ಹಾಸಿಗೆ ಹಿಡಿದ ಅವರ ಅತ್ತೆ, ಹೀಗೆ ಇನ್ನೊಬ್ಬರ ಬಾಯಿಗೆ ಹಾಕುವುದರಲ್ಲೇ ಆ ಜೀವ ಸವೆದಿತ್ತು. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಮಲಗುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ಹುಳುವಿಗೆ ಜ್ವರ ಬಂದರೆ ಮಾತ್ರ ಅತ್ತೆಗೆ ರಜೆ.

ಅಂಥದೊಂದು ರಜೆಯ ದಿನವೇ ಪಕ್ಕದ ಹೊಲವನ್ನು ಸೈಟು ಮಾಡುತ್ತಿದ್ದ ಲೇಔಟಿನವರು ಅಲ್ಲಿನ ಹುಣಸೆಮರ ಉರುಳಿಸಿದರು. ಪೊಟರೆಯಲ್ಲಿ ಗೊರವಂಕದ ಗೂಡಿತ್ತು. ದೊಡ್ಡ ಹಕ್ಕಿಗಳೆರಡೂ ಕೊಂಬೆಯಡಿ ಸಿಕ್ಕಿ ಸತ್ತಿದ್ದವು. ಪುಕ್ಕವಿಲ್ಲದ ಒಂದು ಮರಿ ಉಳಿದಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ತಂದರು.

"ಇನ್ನೊಂದು ಬಾಯಿ ತಂದ್ರಾ ಅತ್ತೆ?" ಅಂದೆ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

"ನಾನೇನ್ ಹುಡುಕ್ಕೊಂಡು ಹೋದ್ನೇನೇ? ನನ್ ನೋಡಿ ಅದೇ ಬಾಯ್ ತಗೀತು," ಅಂದರು.

ಏನು ತಿನ್ನಿಸುವುದು? ರೇಷ್ಮೆ ಬೆಳೆಯುವವರ ಮನೆಯಲ್ಲಿ ಅದೊಂದು ಪ್ರಶ್ನೆಯೇ! ಬೆಳೆಯದೆ ಹಿಂದುಳಿದ ಹುಳುಗಳನ್ನು ಹೇಗೂ ಆರಿಸಿ ಎಸೆಯುತ್ತೇವೆ. ಅವನ್ನೇ ಬೆರಳ ತುದಿಯಲ್ಲಿ ಹಿಡಿದು, "ಬಾ ಕೂಸೇ" ಎಂದು ಕರೆಯುತ್ತ ಗುಟುಕು ಕೊಟ್ಟರು. ನಿದ್ದೆಗಣ್ಣಲ್ಲೇ ಕೊಟ್ಟರು, ಬೈಯುತ್ತಲೂ ಕೊಟ್ಟರು.

ಪುಕ್ಕ ಬಲಿತು ಮರಿ ಹಾರಿತು. ಬೇಲಿಯ ಮೇಲಿನ ಗೊರವಂಕಗಳ ಜೊತೆ ಸೇರಿಕೊಂಡಿತು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಆದರೆ ಅದಕ್ಕೆ ಊಟವೆಂದರೆ ರೇಷ್ಮೆಹುಳು ಎಂದು ಕಲಿಸಿದ್ದವರು ನಾವೇ ಅಲ್ಲವೇ? ಮುಂದಿನ ಬೆಳೆಯಲ್ಲಿ ಸೊಪ್ಪು ಹೊತ್ತು ಬಾಗಿಲು ತೆಗೆದರೆ ಸಾಕು, ನಮ್ಮ ತಲೆಯ ಮೇಲಿಂದ ಒಳಗೆ ನುಗ್ಗುತ್ತಿತ್ತು. ಇನ್ನೇನು ಗೂಡು ಕಟ್ಟಬೇಕಾದ, ಹಣ್ಣಾದ ಹುಳುಗಳನ್ನೇ ನುಂಗುತ್ತಿತ್ತು. ಮಾವ ಲಕ್ಷ್ಮಯ್ಯ ಕೆಂಡಾಮಂಡಲವಾದರು.

"ನೀನ್ ಕೂಗಿದ್ರೆ ಕೈಮೇಲೆ ಬಂದು ಕೂತ್ಕತದೆ. ಹಿಡ್ಕೊಡು, ಪಕ್ಕದ್ಮನೆ ಬೈಲಪ್ಪ ಪಂಜರದಾಗೆ ಇಟ್ಕತಾನಂತೆ. ಇಲ್ದಿದ್ರೆ ನಾನೇ ಕಲ್ಲಲ್ಲಿ ಹೊಡೀತೀನಿ."

ಅತ್ತೆ ಒಪ್ಪಲಿಲ್ಲ. "ಬಾ ಅಂತ ಕರ್ದು ಮೋಸ ಮಾಡೋದು ನನ್ ಕೈಲಾಗಲ್ಲ. ನಾನೇ ಓಡಿಸ್ತೀನಿ," ಅಂದರು.

ಮರುದಿನ ಪೊರಕೆ ಹಿಡಿದು ಬಾಗಿಲಲ್ಲಿ ನಿಂತರು. ಹಕ್ಕಿ ಬಂದು ಪೊರಕೆಯ ಮೇಲೆಯೇ ಕೂತು, ರೆಕ್ಕೆ ಅದುರಿಸುತ್ತ ಬಾಯಿ ತೆರೆಯಿತು. ನನಗೆ ನಗು ಬಂತು. ಅತ್ತೆ ನಗಲಿಲ್ಲ. ಕೊಡವಿ ಕೆಳಗೆ ಹಾಕಿ ಹೊಡೆದರು. ಅದು ಎದ್ದು ಮತ್ತೆ ಅವರ ಹತ್ತಿರವೇ ಬಂತು. ಮತ್ತೆ ಹೊಡೆದರು. ಪುಕ್ಕ ಉದುರಿತು. ನನಗೆ ಅಳು ತಡೆಯಲಾಗಲಿಲ್ಲ.

"ಸಾಕು ಬಿಡಿ ಅತ್ತೆ!"

"ಸುಮ್ಕಿರೇ. ಅರ್ಧಂಬರ್ಧ ಹೊಡುದ್ರೆ ತಿರ್ಗ ಬತ್ತದೆ."

ಕೊನೆಗೆ ಅದು ಕಿರುಚಿಕೊಂಡು ಬೇಲಿಯಾಚೆ ಹಾರಿತು. ಅತ್ತೆ ಪೊರಕೆಯನ್ನು ಮೂಲೆಗಿಟ್ಟು, ಕೈ ತೊಳೆದು, ಹುಳುವಿಗೆ ಸೊಪ್ಪು ಹಾಕಲು ಹೋದರು.

ಈಗಲೂ ಬೇಲಿಯ ಮೇಲೆ ಐದಾರು ಗೊರವಂಕಗಳು ಕೂತಿರುತ್ತವೆ. ನಾನು ಹೋದರೆ ಒಂದೂ ಅಲುಗುವುದಿಲ್ಲ. ಅತ್ತೆ ಸೊಪ್ಪು ಹೊತ್ತು ಬಂದರೆ ಒಂದು ಮಾತ್ರ ಪುರ್ರನೆ ಹಾರಿಹೋಗುತ್ತದೆ. ಅತ್ತೆ ಹೊರೆ ಇಳಿಸದೆ ಅದು ಮರೆಯಾಗುವವರೆಗೂ ನೋಡುತ್ತಾರೆ.

"ಅಗಾ, ಅದೇ ನಮ್ದು," ಅನ್ನುತ್ತಾರೆ. "ಚೆನ್ನಾಗೈತೆ."