ಬೇಲಿಯಾಚೆಯ ಅಜ್ಜನ ತಮ್ಮ

ಹೋದ ವಾರ ಸಿಡ್ನಿಯ ಹ್ಯಾರಿಸ್ ಪಾರ್ಕಿನ ಅಂಗಡಿಯೊಂದರಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು ಕೈಗೆತ್ತಿಕೊಂಡೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗಿರಾವೀನಿನ ನಮ್ಮ ಹಳೆಯ ಮನೆಯ ಮರದ ಬೇಲಿ, ಅದರಾಚೆ ಮೊಣಕಾಲೂರಿ ಕಳೆ ಕೀಳುತ್ತಿದ್ದ ಮುದುಕರು ಕಣ್ಣ ಮುಂದೆ ಬಂದರು...

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮೆಲ್ಬರ್ನ್ ಬಿಟ್ಟು ಸಿಡ್ನಿಗೆ ಬಂದಾಗ ಈ ಸೊಪ್ಪು ನಮಗೆ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಪಕ್ಕದ ಮನೆಯ ಹಿತ್ತಲಲ್ಲಿ ಸೊಂಪಾಗಿ ಬೆಳೆದದ್ದನ್ನು ಕಂಡು ನಾಚಿಕೆ ಬಿಟ್ಟು ಕೇಳಿದೆ. ಆ ಮನೆಯಲ್ಲಿದ್ದವರು ರಷ್ಯಾದ ಒಂಟಿ ಮುದುಕರು. ಇದನ್ನು ತಿನ್ನುವವರು ತಮ್ಮ ಕಡೆಯವರು ಮಾತ್ರ ಎಂದುಕೊಂಡಿದ್ದರಂತೆ. ನಾನು ಸಬ್ಬಸಿಗೆ ಹಾಕಿ ಅಕ್ಕಿ ರೊಟ್ಟಿ ಮಾಡಿ ಕೊಟ್ಟರೆ, ಮೇಲೆ ಹುಳಿ ಕೆನೆ ಸುರಿದುಕೊಂಡು ತಿಂದರು. ನನ್ನ ಗಂಡ ಮುಖ ಕಿವುಚಿದರು. ಮಕ್ಕಳು ಅವರನ್ನು ಅಜ್ಜ ಎಂದು ಕರೆದರು, ನಾವೂ ಹಾಗೇ ಕರೆದೆವು.

ಅಜ್ಜ ತಮ್ಮ ಕಥೆಯನ್ನು ಒಂದೇ ಸಲಕ್ಕೆ ಹೇಳಿದವರಲ್ಲ. ಬೇಲಿಗೆ ಒರಗಿ, ಹರಕು ಇಂಗ್ಲಿಷಿನಲ್ಲಿ, ಚೂರು ಚೂರಾಗಿ... ಯುದ್ಧದಲ್ಲಿ ಜರ್ಮನರಿಗೆ ಸೆರೆ ಸಿಕ್ಕಿದ್ದರು. ಬಿಡಿಸಿದವರು ಅಮೆರಿಕದ ಸೈನಿಕರು. ಆ ವಾರವೇ ನದಿಯಾಚೆಯಿಂದ ಅವರ ಸ್ವಂತ ಸೈನ್ಯವೂ ಬಂತು. ಎರಡೂ ಕಡೆಯವರು ತಬ್ಬಿಕೊಂಡು ಕುಣಿದರಂತೆ, ಒಂದೇ ಬಾಟಲಿಯಿಂದ ಕುಡಿದರಂತೆ. "ಆ ವಾರ ನಾವೆಲ್ಲ ಒಂದೇ ಕಡೆ" ಎನ್ನುತ್ತಿದ್ದರು.

ಶತ್ರು ಸೋತ ಮೇಲೆ ಗೆದ್ದವರಿಗೆ ಒಬ್ಬರ ಮೇಲೊಬ್ಬರಿಗೆ ಅನುಮಾನ ಶುರುವಾಯಿತು. ಯಾರ ಸೈನ್ಯ ಎಲ್ಲಿ ನಿಲ್ಲಬೇಕು, ಯಾವ ದೇಶದಲ್ಲಿ ಯಾರ ಮಾತು ನಡೆಯಬೇಕು ಎಂದು ಜಗ್ಗಾಟ. ಅಮೆರಿಕದವರ ಕೈಯಿಂದ ಬ್ರೆಡ್ಡು ತಿಂದು ಊರಿಗೆ ಮರಳಿದ ಎಷ್ಟೋ ಕೈದಿಗಳನ್ನು ಅವರ ದೇಶವೇ ಗೂಢಚಾರರೆಂದು ಹಿಡಿದು ದುಡಿಮೆಯ ಶಿಬಿರಗಳಿಗೆ ಅಟ್ಟಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಇಲ್ಲಿ ಬಡವಾದ ಕೂಸುಗಳಿಗೆ ಲೆಕ್ಕವೇ ಇರಲಿಲ್ಲ.

ಅಜ್ಜ ಊರಿಗೆ ಹಿಂದಿರುಗದೆ ಅಮೆರಿಕದವರ ಕಡೆಯೇ ಉಳಿದು, ಆಮೇಲೆ ಹಡಗು ಹತ್ತಿ ಇಲ್ಲಿಗೆ ಬಂದರು. ಊರಿನಲ್ಲಿ ಒಬ್ಬನೇ ತಮ್ಮನಿದ್ದ. ಅಣ್ಣ ಎದುರು ಪಕ್ಷದ ನಾಡಿನಲ್ಲಿದ್ದಾನೆಂದು ಗೊತ್ತಾದರೆ ಅವನ ಕಥೆ ಮುಗಿಯಿತು ಎಂಬ ಹೆದರಿಕೆಯಿಂದ ನಲವತ್ತು ವರ್ಷ ದಾಟಿದರೂ ಒಂದಕ್ಷರ ಬರೆದಿರಲಿಲ್ಲ. ಹಾಗೆಂದು ಮರೆತಿರಲೂ ಇಲ್ಲ. "ಈಗ ಅವನ ತಲೆ ನರೆತಿರುತ್ತೆ", "ಈಗ ರಿಟೈರ್ ಆಗಿರ್ತಾನೆ" ಎಂದು ಇಲ್ಲಿ ಕೂತೇ ತಮ್ಮನಿಗೆ ವಯಸ್ಸು ಕೂಡಿಸುತ್ತಿದ್ದರು.

ಆಮೇಲೆ ಬರ್ಲಿನ್ನಿನ ಗೋಡೆ ಒಡೆಯುವುದನ್ನು ಟಿವಿಯಲ್ಲಿ ನೋಡಿದೆವು. ನನ್ನ ಮೈದುನ ಆಗ ಮಾಸ್ಕೋದಲ್ಲಿ ಮೆಡಿಕಲ್ ಓದುತ್ತಿದ್ದ. ನಮ್ಮ ದೇಶ ಎರಡೂ ಬಣಕ್ಕೆ ಸೇರದೆ ಉಳಿದದ್ದರಿಂದ ನಮ್ಮ ಹುಡುಗರಿಗೆ ಎರಡೂ ಬಾಗಿಲು ತೆರೆದಿದ್ದವು. ಒಂದು ಭಾನುವಾರ ಅಜ್ಜ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಮ್ಮ ಅಡುಗೆಮನೆಗೆ ಬಂದರು.

"ನಿಮ್ಮ ಹುಡುಗ ನಮ್ಮೂರಿಗೆ ಹೋಗ್ತಾನಾ? ಏನೂ ಹೇಳೋದು ಬೇಡ. ನನ್ನ ತಮ್ಮ ಇದ್ದಾನಾ ಅಂತ ನೋಡಿದ್ರೆ ಸಾಕು."

ಮೈದುನ ಹೋಗಿ ಬಂದು ಫೋನ್ ಮಾಡಿದ. "ಅಣ್ಣಾ, ಅವ್ರ ತಮ್ಮಂಗೆ ತುಂಬಾ ಸೀರಿಯಸ್ ಅಂತೆ. ಅಜ್ಜಂಗೆ ಸ್ವಲ್ಪ ನಿಧಾನಕ್ಕೆ ಹೇಳು" ಅನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ತಮ್ಮ ತೀರಿಕೊಂಡಿದ್ದಾನೆಂದು ನಮಗಿಬ್ಬರಿಗೂ ಅರ್ಥವಾಯಿತು. ದೂರದಲ್ಲಿರುವವರಿಗೆ ಸಾವಿನ ಸುದ್ದಿಯನ್ನು ನಮ್ಮ ಜನ ನೇರವಾಗಿ ಹೇಳುವುದಿಲ್ಲ. ನನ್ನ ತಂದೆ ತೀರಿಕೊಂಡಾಗ ಮೆಲ್ಬರ್ನಿಗೆ ಬಂದ ಫೋನಿನಲ್ಲೂ ಇದನ್ನೇ ಹೇಳಿದ್ದರು. ಮೈಸೂರು ಮುಟ್ಟುವ ತನಕ ನಾನು ಅಳುತ್ತಲೇ ಹೋಗಿದ್ದೆ.

ನನ್ನ ಗಂಡ ಅದೇ ಮಾತನ್ನು ಪಕ್ಕದ ಮನೆಗೆ ಹೊತ್ತುಕೊಂಡು ಹೋದರು. ನಮ್ಮ ರೂಢಿ ಅಜ್ಜನಿಗೆ ಹೇಗೆ ಗೊತ್ತಿರಬೇಕು? ಕಾಯಿಲೆ ಎಂದರೆ ಬದುಕಿದ್ದಾನೆ ಎಂದೇ ತಿಳಿದು, "ಇದ್ದಾನೆ! ಇದ್ದಾನೆ!" ಎಂದು ಇವರನ್ನು ತಬ್ಬಿಕೊಂಡುಬಿಟ್ಟರಂತೆ. ಇವರು ಬಾಯಿ ಬಿಡಲಾಗದೆ ವಾಪಸ್ಸು ಬಂದರು.

"ಈಗ್ಲೇ ಹೋಗಿ ಸರಿಯಾಗಿ ಹೇಳ್ರೀ" ಎಂದೆ.

"ನಾಳೆ ಹೇಳ್ತೀನಿ ಕಣೇ. ಆ ಮುಖ ನೋಡ್ಕೊಂಡು ಇವತ್ತು ಆಗಲ್ಲ."

ನಾಳೆ ನಾಳೆ ಎನ್ನುತ್ತಲೇ ವಾರ ಕಳೆಯಿತು. ಅಷ್ಟರಲ್ಲಿ ಮೈದುನ ಮತ್ತೆ ಫೋನ್ ಮಾಡಿ ಪೂರ್ತಿ ವಿಷಯ ಹೇಳಿದ. ತಮ್ಮ ಸತ್ತದ್ದು ಈಚೆಗಲ್ಲ. ಯುದ್ಧ ಮುಗಿದ ಸ್ವಲ್ಪ ದಿನಕ್ಕೇ, ಅಣ್ಣ ಅಮೆರಿಕದವರ ಕಡೆ ಉಳಿದುಬಿಟ್ಟನೆಂಬ ಕಾರಣಕ್ಕೆ ಅವನನ್ನು ಹಿಡಿದೊಯ್ದಿದ್ದರು. ಶಿಬಿರದಲ್ಲೇ ಸತ್ತನೆಂದು ಊರಿನ ಮುದುಕಿಯೊಬ್ಬಳು ಹೇಳಿದಳಂತೆ. ಆಗ ಅವನಿಗೆ ಹತ್ತೊಂಬತ್ತು ವರ್ಷ.

ಈ ಸಲ ಇಬ್ಬರೂ ಹೋದೆವು. ಅಜ್ಜನ ಮಂಚದ ಮೇಲೆ ಸೂಟ್‌ಕೇಸ್ ತೆರೆದಿತ್ತು. ಅದರಲ್ಲಿ ಒಂದೇ ಬಗೆಯ ಹೊಸ ಬೂಟುಗಳು ಮೂರು ಜೊತೆ, ಒಂದೊಂದು ಒಂದೊಂದು ಅಳತೆ. "ನಾನು ನೋಡಿದಾಗ ಇನ್ನೂ ಹುಡುಗ. ಕಾಲು ಎಷ್ಟು ಬೆಳೆದಿದೆಯೋ ಏನೋ" ಎಂದು ನಕ್ಕರು. ನನಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ನನ್ನ ಗಂಡ ಸುತ್ತಿಬಳಸದೆ ಎಲ್ಲವನ್ನೂ ಹೇಳಿದರು. ಅಜ್ಜ ಅಳಲಿಲ್ಲ, ಬಯ್ಯಲೂ ಇಲ್ಲ. ಒಂದೇ ಮಾತು ಕೇಳಿದರು.

"ಹಾಗಾದ್ರೆ ಇಷ್ಟು ವರ್ಷ ನಾನು ಯಾರಿಗೋಸ್ಕರ ಸುಮ್ಮನಿದ್ದೆ?"

 ಮುಂದೆ ಅವರು ತಮ್ಮನ ಮಾತೆತ್ತಲಿಲ್ಲ. ಆ ಕಾಲದಲ್ಲೇ ಅಮೆರಿಕ, ರಷ್ಯಾ ಎರಡೂ ದೇಶಗಳ ನಾಯಕರು ಟಿವಿಯಲ್ಲಿ ಮತ್ತೆ ಮತ್ತೆ ಕೈ ಕುಲುಕಿ ನಗುತ್ತಿದ್ದರು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಎರಡು ಮೂರು ವರ್ಷ ಕಳೆದು ಅಜ್ಜ ತೀರಿಕೊಂಡರು. ಮಣ್ಣು ಮಾಡುವಾಗ ಇದ್ದವರಲ್ಲಿ ಹೆಚ್ಚಿನವರು ನಮ್ಮ ಮನೆಯವರೇ.

ಅಂಗಡಿಯಿಂದ ಮನೆಗೆ ಬಂದಾಗ ಮೊಮ್ಮಗಳು ಮೇಜಿನ ಮೇಲೆ ಇತಿಹಾಸದ ಪಾಠ ಹರಡಿಕೊಂಡು ಕೂತಿದ್ದಳು. ಮಹಾಯುದ್ಧದಲ್ಲಿ ಜೊತೆಗಿದ್ದ ಎರಡು ದೇಶಗಳು ಆಮೇಲೆ ಹೇಗೆ ಎದುರಾಳಿಗಳಾದವು ಎಂಬ ಪಾಠ.

"ಅಜ್ಜೀ, ದೇ ನೆವರ್ ಫಾಟ್ ಈಚ್ ಅದರ್. ಸೋ ನೋಬಡಿ ಡೈಡ್, ರೈಟ್?"

"ಒಬ್ಬ ಹುಡುಗ ಸತ್ತ, ಪುಟ್ಟಿ" ಎಂದೆ.

"ಡಿಡ್ ಯೂ ನೋ ಹಿಮ್?"

"ಇಲ್ಲಮ್ಮ. ಅವನ ಅಣ್ಣ ಗೊತ್ತಿದ್ರು."