ಜೇಬಿನಲ್ಲೊಂದು ನಿಂಬೆಹಣ್ಣು

ಇವತ್ತು ಬೆಳಿಗ್ಗೆ ಒಂದು ನಿಂಬೆಹಣ್ಣಿಗೆ ಹತ್ತು ರೂಪಾಯಿ ಕೊಟ್ಟೆ. ಬೇಸಿಗೆ ಬಂತೆಂದರೆ ಹೈದರಾಬಾದಿನ ನಿಂಬೆಹಣ್ಣಿಗೆ ಸೊಕ್ಕು ಬರುತ್ತದೆ, ಅದು ಗೊತ್ತಿದ್ದದ್ದೇ. ಆದರೆ ಬೇಗಂ ಬಜಾರಿನಲ್ಲಿ ಬೇಳೆ, ಮೆಣಸಿನಕಾಯಿ, ಹುಣಸೆಹಣ್ಣಿನ ಸಗಟು ಅಂಗಡಿ ಇಟ್ಟುಕೊಂಡವನು ನಾನು. ಮೊದಲು ಹೇಳಿದ ಬೆಲೆಗೆ ಒಂದು ಸೂಜಿಯನ್ನೂ ಕೊಂಡವನಲ್ಲ. ಅಂಥವನು ಬಾಯಿ ಮುಚ್ಚಿಕೊಂಡು ಹತ್ತರ ನೋಟು ಕೊಟ್ಟ ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ಕಾರಣ ಇಷ್ಟೇ: ಹಣ್ಣು ತಾಜಾ ಇದೆ ಎಂದು ತೋರಿಸಲು ಮಾರುವವಳು ಉಗುರಿನಿಂದ ಸಿಪ್ಪೆ ಗೀರಿ ನನ್ನ ಮೂಗಿನ ಹತ್ತಿರ ಹಿಡಿದಳು. ಐದಕ್ಕೆ ಕೊಡು ಎನ್ನಲು ಹೊರಟಿದ್ದ ನಾಲಿಗೆ ಅಲ್ಲೇ ನಿಂತಿತು.

ಆ ವಾಸನೆ ನನ್ನ ಹೆಂಡತಿ ಸುಮಿತ್ರಾಳದು. ಮಲ್ಲಿಗೆಯೋ ಗಂಧವೋ ಆಗಿದ್ದರೆ ಹೇಳಿಕೊಳ್ಳಲು ಚಂದವಿರುತ್ತಿತ್ತು, ಏನು ಮಾಡುವುದು, ನಮ್ಮ ಮನೆಯ ಪಾಲಿಗೆ ಬಂದದ್ದು ನಿಂಬೆಹಣ್ಣು.

ನಾವು ಕಲಬುರಗಿ ಕಡೆಯವರು. ಕಾಚಿಗುಡದಲ್ಲಿ ಮೂರನೇ ಮಹಡಿಯ ಮನೆ. ಅಂಗಡಿಯ ಬೋರ್ಡಿನ ಮೇಲೆ ಹೆಸರು ನನ್ನದಿದ್ದರೂ ಅದನ್ನು ನಡೆಸುವ ನಾಲಿಗೆ ಅವಳದು. ಮಸಾಲೆ ಖಾರಕ್ಕೆ ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು ಎಂದು ಅವಳು ಹೇಳಬೇಕು, ನಾನು ತೂಗಬೇಕು. ನಮ್ಮ ಕಡೆಯ ಹೆಂಗಸರು ನಗರದ ಆ ತುದಿಯಿಂದ ಬಂದು, ನನ್ನ ಮುಖ ನೋಡಿ, “ಅಕ್ಕಾರ ಇಲ್ಲೇನ್ರಿ?” ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಚೀಲ ಮಡಿಚಿಕೊಂಡು, “ಹಂಗಾರ ನಾಳೆ ಬರ್ತೀವಿ ತಗೋರಿ” ಎಂದು ಹೊರಟೇಬಿಡುತ್ತಿದ್ದರು. ನನ್ನ ಕೈಯಿಂದ ಖಾರ ಕೊಂಡರೆ ಸಾರು ಕೆಡುತ್ತದೆ ಎಂಬಂತೆ.

ಕೆಲವು ವರ್ಷಗಳ ಹಿಂದೆ, ದೀಪಾವಳಿ ಮುಂದಿರುವಾಗ, ಸುಲ್ತಾನ್ ಬಜಾರಿಗೆ ಹೋಗಿದ್ದೆವು. ಹಬ್ಬದ ದಿನಗಳಲ್ಲಿ ಅಲ್ಲಿ ನಾವು ನಡೆಯುವುದಿಲ್ಲ, ಜನರೇ ನಮ್ಮನ್ನು ನಡೆಸುತ್ತಾರೆ. ಕುಪ್ಪಸದ ಬಟ್ಟೆ ನೋಡುತ್ತ ನಿಂತವಳು ಒಮ್ಮೆಲೇ ನನ್ನ ತೋಳು ಹಿಡಿದಳು. “ಏನ್ರೀ, ನಂಗ ಏನೋ ಆಗಾಕತ್ತೈತಿ. ಎದಿ ಒಡದು ಹೋಕ್ಕೈತಿ.” ಮುಖ ಬೆಳ್ಳಗಾಗಿತ್ತು, ಕೈ ತಣ್ಣಗಿತ್ತು. ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿದೆ. ಪಕ್ಕದ ಬಳೆಯವನು ನೀರು ಕೊಟ್ಟು, ಎಲ್ಲಿಂದಲೋ ಒಂದು ನಿಂಬೆಹಣ್ಣು ತಂದು, ಮೂಸಿ ನೋಡಿ ಎಂದ. ಸ್ವಲ್ಪ ಹೊತ್ತಿಗೆ ಇಳಿಯಿತು. ನಿಂಬೆಹಣ್ಣಿನಿಂದಲೇ ಇಳಿಯಿತು ಎಂದು ಅವಳು ನಂಬಿದಳು. ನಾನೂ ನಂಬಿದೆ.

ಡಾಕ್ಟರರು ಹೃದಯದ ಪರೀಕ್ಷೆ, ರಕ್ತದ ಪರೀಕ್ಷೆ ಎಲ್ಲ ಮಾಡಿ, ಏನೂ ಇಲ್ಲ, ಗಾಬರಿ ಅಷ್ಟೇ ಎಂದರು. ಏನೂ ಇಲ್ಲ ಎಂದು ಕೇಳಿದರೆ ಸಮಾಧಾನವಾಗಬೇಕಲ್ಲ? ಆಗಲಿಲ್ಲ. ಅವಳು ಮೊದಲು ಸುಲ್ತಾನ್ ಬಜಾರ್ ಬಿಟ್ಟಳು. ಆಮೇಲೆ ಬಸ್ಸು ಬಿಟ್ಟಳು. ಆಮೇಲೆ, ದಾರಿಯಲ್ಲಿ ಜನ ಜಾಸ್ತಿ ಎಂದು, ಅಂಗಡಿಗೆ ಬರುವುದನ್ನೂ ಬಿಟ್ಟಳು. ಕೊನೆಗೆ ಕೆಳಗೆ ನಿಲ್ಲುವ ತರಕಾರಿ ಬಂಡಿಗೂ ಇಳಿಯದಾದಳು. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು.

ನಾನು ಸುಮ್ಮನೆ ಕೂರುವ ಗಂಡಸಲ್ಲ. ಗಿರಾಕಿ ಅಂಗಡಿಗೆ ಬರದಿದ್ದರೆ ಮಾಲನ್ನು ಗಿರಾಕಿಯ ಮನೆಗೆ ಮುಟ್ಟಿಸು ಎನ್ನುವುದು ನಮ್ಮ ಧಂದೆಯ ರೀತಿ. ಅದೇ ರೀತಿಯನ್ನು ಮನೆಗೂ ತಂದೆ. ಸೀರೆಯವನನ್ನು ಗಂಟು ಸಮೇತ ಮೇಲೆ ಕರೆಸಿದೆ. ಅವಳು ನೋಡಿ ಆರಿಸಲಿ ಎಂದು ಮೆಣಸಿನಕಾಯಿಯ ಮಾದರಿಯನ್ನು ಮನೆಗೇ ತಂದೆ. ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಡುವ ವ್ಯವಸ್ಥೆ ಮಾಡಿದೆ. ಬಂಡಿಯವನು ಬದನೆಕಾಯಿ ಹಾಕುತ್ತಾನೆ, ಇವಳು ಮೇಲೆ ಎಳೆದುಕೊಳ್ಳುತ್ತಾಳೆ. ಎಂಥ ಬುದ್ಧಿ ನನ್ನದು ಎಂದು ನಾನೇ ಬೆನ್ನು ತಟ್ಟಿಕೊಂಡೆ. ಪ್ರತಿ ವಾರ ನಿಂಬೆಹಣ್ಣು ಆರಿಸಿ ತರುವುದೂ ನನ್ನ ಕೆಲಸವಾಯಿತು: ತೆಳು ಸಿಪ್ಪೆ, ಭಾರ, ವಾಸನೆ ಗಟ್ಟಿ. ಇಷ್ಟು ಅನುಕೂಲ ಮಾಡಿಕೊಟ್ಟರೂ ಅವಳ ಹೆದರಿಕೆ ಯಾಕೆ ಬೆಳೆಯುತ್ತಿದೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಒಂದು ಸಂಜೆ ಬುಟ್ಟಿಯ ಹಗ್ಗ ಸುತ್ತಿಡುತ್ತ ಅವಳೇ ಅಂದಳು, “ನಾ ಅಂಗಡಿಗೆ ಬರಬೇಕ್ರಿ. ಮನ್ಯಾಗ ಕುಂತು ಕುಂತು ನಾ ಕಡಿಮಿ ಆಗಾಕತ್ತೀನಿ.”

ತೂಕ ಕಡಿಮೆ ಬಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿದೆ. ಇದಕ್ಕೆ ಗೊತ್ತಿರಲಿಲ್ಲ. ಮತ್ತೆ ಡಾಕ್ಟರರ ಬಳಿ ಹೋದೆ. ಅವರು ಒಬ್ಬ ಮನಶ್ಶಾಸ್ತ್ರದ ಮೇಡಂ ಹತ್ತಿರ ಕಳಿಸಿದರು. “ನಂಗೇನ ಹುಚ್ಚ ಹಿಡದೈತೇನ್ರಿ?” ಎಂದು ಸುಮಿತ್ರಾ ಮುಖ ತಿರುಗಿಸಿದಳು. ಆ ಮೇಡಂ ಅವರ ತಾಯಿಯ ಊರು ರಾಯಚೂರು ಕಡೆ, ಕನ್ನಡ ಬರುತ್ತದೆ ಎಂದು ತಿಳಿದ ಮೇಲೆ ಒಪ್ಪಿದಳು. ನಾವು ಹೊರಗೆ ಹಿಂದಿ, ತೆಲುಗಿನಲ್ಲಿ ವ್ಯಾಪಾರ ಮಾಡುತ್ತೇವೆ, ಜಗಳವನ್ನೂ ಆಡುತ್ತೇವೆ. ಹೆದರಿಕೆಯನ್ನು ಹೇಳಿಕೊಳ್ಳಲು ಮಾತ್ರ ಮನೆಯ ಮಾತೇ ಬೇಕು.

ಒಂದು ಗಂಟೆ ಮಾತಿಗೆ ಒಂದು ಮೂಟೆ ಒಳ್ಳೆಯ ಅಕ್ಕಿಯ ಬೆಲೆ. ಔಷಧ ಇಲ್ಲ, ಸೂಜಿ ಇಲ್ಲ, ಬರೀ ಮಾತು. “ಮೇಡಂ, ನಾವು ಸಗಟು ಗಿರಾಕಿ. ಒಟ್ಟಿಗೆ ತಗೊಂಡರ ಏನರ ಬಿಡ್ತೀರೇನು?” ಎಂದೆ. ಸುಮಿತ್ರಾ ನೆಲ ನೋಡಿದಳು.

“ಬಿಡೂದಿಲ್ಲ ಸಾಬ್,” ಅಂದರು ಅವರು, ನಗುತ್ತ. “ಆದರ ನಾ ಹೇಳಿದ ಕೆಲಸ ಮನ್ಯಾಗ ಮಾಡಿದ್ರ ಲಗೂ ಮುಗೀತೈತಿ. ನಿಮಗ ಅದೇ ಉಳಿತಾಯ.”

ಇದು ನ್ಯಾಯವಾದ ಮಾತು ಎನಿಸಿತು. ಕೂತೆ.

ಅವರು ಅವಳ ಬಾಲ್ಯವನ್ನೇನೂ ಕೆದಕಲಿಲ್ಲ. ಆವತ್ತು ಮೆಟ್ಟಿಲ ಮೇಲೆ ಕೂತಾಗ ಮನಸ್ಸಿನಲ್ಲಿ ಯಾವ ಮಾತು ಬಂತು ಎಂದು ಕೇಳಿದರು. “ಇಲ್ಲೇ ಬೀಳ್ತೀನಿ. ಬಿದ್ದರ ತುಳದು ಹೋಗ್ತಾರ, ಯಾರೂ ಎತ್ತೂದಿಲ್ಲ,” ಎಂದಳು ಸುಮಿತ್ರಾ. ಆ ಮಾತು ಬಂದದ್ದಕ್ಕೆ ಎದೆ ಜೋರಾಗಿ ಬಡಿಯಿತು. ಎದೆ ಬಡಿದದ್ದನ್ನು ನೋಡಿ ಆ ಮಾತು ಇನ್ನೂ ಖರೆ ಎನಿಸಿತು. ಹೀಗೆ ಒಂದಕ್ಕೊಂದು ಸಾಲ ಕೊಟ್ಟುಕೊಂಡು ಎರಡೂ ಬೆಳೆದವು ಎಂದು ಮೇಡಂ ಬಿಡಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಅಂಗಡಿಗೆ ತೊಗರಿಬೇಳೆ ಬರ್ತೈತಲ್ಲ, ಚೀಲದ ಬಾಯಿ ನೋಡಿ ತಗೋತೀರೇನು?”

ನಾನೇನು ಹಸುಗೂಸೇ? ಚೀಲದ ಬಾಯಲ್ಲಿ ಯಾವಾಗಲೂ ಒಳ್ಳೆಯ ಬೇಳೆಯನ್ನೇ ಇಟ್ಟಿರುತ್ತಾರೆ. ನಮ್ಮಲ್ಲಿ ಪರಖಿ ಎಂದು ಇದೆ, ಚೂಪು ತುದಿಯ ಟೊಳ್ಳು ಕಬ್ಬಿಣದ ಸಲಾಕಿ. ಅದನ್ನು ಚೀಲದ ಹೊಟ್ಟೆಗೆ ಚುಚ್ಚಿದರೆ ನಡುವಿನ ಕಾಳು ಜಾರಿ ಅಂಗೈಗೆ ಬರುತ್ತದೆ. ಅದನ್ನು ನೋಡಿ ದರ ಮಾತಾಡುತ್ತೇವೆ. ನಾನು ಇದನ್ನೆಲ್ಲ ಕೈ ಆಡಿಸಿ ವಿವರಿಸುತ್ತಿರುವಾಗ ಸುಮಿತ್ರಾ ನಡುವೆ ಬಾಯಿ ಹಾಕಿದಳು.

“ಬೀಳ್ತೀನಿ ಅನ್ನೂದು ಚೀಲದ ಬಾಯಾಗಿನ ಮಾತು. ಹೌದಲ್ರಿ?”

“ಹಂಗಾರ ಪರಖಿ ಹಾಕ್ರಿ,” ಅಂದರು ಮೇಡಂ.

ಅವಳು ಬೆರಳು ಮಡಿಚಿ ಎಣಿಸತೊಡಗಿದಳು. ಎದೆ ಎಷ್ಟೋ ಸಲ ಹಾಗೆ ಬಡಿದಿದೆ. ಒಂದು ಸಲವೂ ಬಿದ್ದಿಲ್ಲ. ಯಾರೂ ಎತ್ತುವುದಿಲ್ಲ ಎಂದುಕೊಂಡಿದ್ದಳು. ಗುರುತಿಲ್ಲದ ಬಳೆಯವನು ವ್ಯಾಪಾರ ಬಿಟ್ಟು ನೀರು ತಂದಿದ್ದ. “ಅಂವಾ ಗಿರಾಕಿ ಬಿಟ್ಟು ಬಂದಿದ್ದ ನೋಡ್ರಿ,” ಎಂದು ನನಗೆ ಹೇಳಿದಳು, ಈಗಷ್ಟೇ ಕಂಡವಳಂತೆ. ಹಬ್ಬದ ದಿನ ಗಿರಾಕಿ ಬಿಟ್ಟು ಬರುವುದೆಂದರೆ ಏನೆಂದು ವ್ಯಾಪಾರಸ್ಥರಾದ ನಮಗೆ ತಿಳಿಯುತ್ತದೆ.

ಮಾತಿನಿಂದಲೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಮಾತು ಅರ್ಧ, ಕಾಲು ಅರ್ಧ. ಹೆದರಿಕೆಯ ಜಾಗಗಳಿಗೆ ಸಣ್ಣದರಿಂದ ದೊಡ್ಡದಕ್ಕೆ ಹೋಗಬೇಕು, ಅಲ್ಲಿ ಎದೆ ಬಡಿದರೂ ಓಡಿಬರದೆ ನಿಲ್ಲಬೇಕು, ಅಂದುಕೊಂಡದ್ದು ಆಯಿತೋ ಇಲ್ಲವೋ ನೋಡಬೇಕು. ಮೊದಲ ಮೆಟ್ಟಿಲು ತರಕಾರಿ ಬಂಡಿ. ಬುಟ್ಟಿಯ ವಿಷಯ ಬಂದಾಗ ಮೇಡಂ, “ಇದು ಯಾರ ಐಡಿಯಾ?” ಎಂದರು. ನಾನು ಎದೆ ಉಬ್ಬಿಸಿ ನನ್ನದು ಎಂದೆ. “ಭಾಳ ಗಟ್ಟಿ ಹಗ್ಗ ಕಟ್ಟೀರಿ ಸಾಬ್. ಬಿಚ್ಚಾಕ ವ್ಯಾಳ್ಯಾ ಹಿಡಿತೈತಿ,” ಅಂದರು. ಹೊರಗೆ ಬಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ನನಗೆ ಅರ್ಥವಾಯಿತು.

ಹೆದರಿಕೆಗೆ ನೂರರಲ್ಲಿ ಎಷ್ಟು ದರ ಎಂದು ಅವರು ಪ್ರತಿ ಸಲ ಕೇಳುತ್ತಿದ್ದರು. ಅವಳು ಎಂಬತ್ತು ಎಂದರೆ ನಾನು, “ಎಂಬತ್ತ ಯಾಕ, ಅರವತ್ತಕ್ಕ ಮುಗಿಸು,” ಎನ್ನುತ್ತಿದ್ದೆ. “ಸಾಬ್, ಈ ಮಾಲು ನಿಮ್ಮದಲ್ಲ,” ಎಂದು ಮೇಡಂ ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿದರು. ಅಲ್ಲಿಂದ ಮುಂದೆ ನನ್ನ ಜಾಗ ಅದೇ.

ತಿಂಗಳುಗಳು ಹಿಡಿದವು. ಬಂಡಿಯವನು ಅವಳನ್ನು ಕೆಳಗೆ ಕಂಡು, “ಬುಟ್ಟಿ ಕಿದರ್ ಹೈ ಅಮ್ಮಾ?” ಎಂದದ್ದಕ್ಕೆ ಮೂರು ಮಹಡಿ ನಗುತ್ತ ಹತ್ತಿಬಂದಳು. ಬಸ್ಸಿನಲ್ಲಿ ನನ್ನ ಜೊತೆ ಒಂದು ನಿಲ್ದಾಣ ಹೋಗಿ ಅಳುತ್ತ ಇಳಿದದ್ದೂ ಉಂಟು. “ನನ್ನ ಕೈಲೆ ಆಗೂದಿಲ್ಲ, ಬಿಡ್ರಿ,” ಎಂದು ಗೋಡೆಗೆ ಮುಖ ಮಾಡಿ ಮಲಗಿದ ದಿನಗಳೂ ಉಂಟು. ಆಟೋ ಕರೆಯಲು ನನ್ನ ಕೈ ಎಷ್ಟು ಸಲ ಮೇಲೆದ್ದಿತೋ. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವ ರಾಜ್ಯದಲ್ಲಿ ಆಟೋಕ್ಕೆ ರೊಕ್ಕ ಕೊಡುವಷ್ಟು ನಾನು ಕರಗಿಹೋಗಿದ್ದೆ ಎಂದರೆ ನೋಡಿ.

ಕೊನೆಯ ಮೆಟ್ಟಿಲು: ಕಾಚಿಗುಡದಿಂದ ಒಬ್ಬಳೇ ಬಸ್ಸಿನಲ್ಲಿ ಅಬಿಡ್ಸ್, ಅಲ್ಲಿಂದ ನಡೆದು ಅಂಗಡಿ. ನಿಂಬೆಹಣ್ಣು ಇಲ್ಲದೆ. ಅದು ಸೆರಗಿನಲ್ಲಿ ಇರುವವರೆಗೂ, ತನ್ನನ್ನು ಉಳಿಸಿದ್ದು ತನ್ನ ಕಾಲಲ್ಲ, ನಿಂಬೆಹಣ್ಣು ಎಂದೇ ಅವಳ ಮನಸ್ಸು ಹೇಳುತ್ತದೆ ಎಂದು ಮೇಡಂ ಹೇಳಿದ್ದರು. ಆ ದಿನ ಬೆಳಿಗ್ಗೆ ಅವಳು ಅದನ್ನು ದೇವರ ಗೂಡಿನ ಪಕ್ಕ ಇಟ್ಟಳು. “ಅಂಗಡ್ಯಾಗ ಕುಂದರ್ರಿ. ದಾರಿ ಕಾಯಾಕ ಬರಬ್ಯಾಡ್ರಿ,” ಎಂದು ಎರಡು ಸಲ ಹೇಳಿದಳು. ಆಯಿತು ಎಂದು ನಾನು ಮೊದಲೇ ಹೊರಟೆ. ಹೊರಡುವಾಗ ಆ ನಿಂಬೆಹಣ್ಣು ಕಣ್ಣಿಗೆ ಬಿತ್ತು. ಅವಳಿಗೆ ಬೇಕಾದರೆ ಇರಲಿ ಎಂದು ಜೇಬಿಗೆ ಹಾಕಿಕೊಂಡೆ.

ಅಂಗಡಿಯಲ್ಲಿ ಕೂರಲಾಗಲಿಲ್ಲ. ಅಬಿಡ್ಸ್‌ನ ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿಯ ಕಂಬದ ಹಿಂದೆ ನಿಂತೆ. ಒಂದು ಬಸ್ಸು ಬಂತು, ಅವಳಿಲ್ಲ. ಇನ್ನೊಂದು ಬಂತು, ಅವಳಿಲ್ಲ. ನಡುವೆ ಬಿದ್ದಿರಬಹುದು, ಯಾರೂ ಎತ್ತಿರಲಿಕ್ಕಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಪರಖಿ ಹಾಕಬೇಕು ಎಂಬ ನೆನಪು ಬೇಗಂ ಬಜಾರಿನ ಈ ಜಾಣನಿಗೆ ಆಗ ಬರಲೇ ಇಲ್ಲ.

ಮೂರನೆಯ ಬಸ್ಸಿನಿಂದ ಇಳಿದಳು. ಕೂದಲು ಕೆದರಿತ್ತು, ಸೀರೆ ಮುದ್ದೆಯಾಗಿತ್ತು. ನೇರವಾಗಿ ಕಂಬದ ಹತ್ತಿರವೇ ಬಂದಳು.

“ಯಾರ ದಾರಿ ಕಾಯಾಕತ್ತೀರಿ?”

“ಗಿರಾಕಿ ಬರೂದಿತ್ತು.”

“ಬಂದಾಳಲ್ಲ,” ಎಂದು ನಿಂತಲ್ಲೇ ಹೇಳತೊಡಗಿದಳು. “ಕೋಠಿ ಹತ್ರ ಎದಿ ಶುರು ಆತ್ರಿ. ಇಳೀಬೇಕು ಅನ್ನೂದ್ರಾಗ ಬಾಜೂಕ ನಿಂತಾಕಿ ತನ್ನ ಕೂಸು ನನ್ನ ತೊಡಿ ಮ್ಯಾಲ ಇಟ್ಟು, ‘ಪಟ್ಟುಕೋ ಅಮ್ಮಾ’ ಅಂದ್ಲು. ಎರಡೂ ಕೈ ತುಂಬಿದ್ವು. ಏನ ಹಿಡಕೋಳ್ಲಿ? ಎದಿ ಬಡಕೊಂತ ಇತ್ತು, ಕೂಸು ಮಲಕೊಂತು. ಆಮ್ಯಾಲ ಎದೀನೂ ಸುಮ್ಮನಾತು.” ಅಷ್ಟರಲ್ಲಿ ಮೂಗು ಅರಳಿಸಿದಳು. “ಕಿಸೆದಾಗ ಏನೈತ್ರಿ?”

ಕೈ ಹೊರಗೆ ತೆಗೆದೆ. ಹಿಡಿದ ಹಿಡಿತಕ್ಕೆ ನಿಂಬೆಹಣ್ಣು ಒಡೆದು, ಅಂಗೈಯೆಲ್ಲ ರಸ, ಜೇಬಿನ ತುಂಬ ಬೀಜ.

ಅವಳು ನಗಲಿಲ್ಲ. ಸೆರಗಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು, ಅಬಿಡ್ಸ್‌ನ ಜನರ ನಡುವೆ. “ನನ್ನ ಸಲುವಾಗಿ ಹೆದರಿ ಹೆದರಿ ನೀವೂ ಭಾಳ ದಣದೀರಿ,” ಅಂದಳು. “ನಡೀರಿ. ಅಂಗಡಿ ಯಾರ ನೋಡಾಕತ್ತಾರ?”

ಈಗ ಅವಳು ತನ್ನ ಜಾಗದಲ್ಲಿ ಕೂರುತ್ತಾಳೆ. ಎದೆ ಈಗಲೂ ಕೆಲವೊಮ್ಮೆ ಬಡಿಯುತ್ತದೆ. “ಬಂದ್ರ ನೋಡ್ರಿ ನಮ್ಮ ಬೀಗರು,” ಎಂದು ಖಾರ ತೂಗಿಸುತ್ತಲೇ ಇರುತ್ತಾಳೆ. ಇವತ್ತು ಬೆಳಗಿನ ನಿಂಬೆಹಣ್ಣು ಅವಳು ತರಿಸಿದ್ದೇ. ಮಧ್ಯಾಹ್ನ ಮಂಡಕ್ಕಿಗೆ ಹಿಂಡಿದಳು. ಹತ್ತು ಕೊಟ್ಟೆ ಎಂದು ಹೇಳಿದ್ದಕ್ಕೆ ಮಾತ್ರ ಬೈಗುಳ ತಿಂದೆ.

ಕೇಳದಿದ್ದರೂ ಸಲಹೆ ಕೊಡುವುದು ನನ್ನ ಸ್ವಭಾವ, ತಗೊಳ್ಳಿ. ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಹೆದರಿ ಮುದುಡಿದ್ದರೆ ಮೊದಲು ಡಾಕ್ಟರರಿಗೆ ತೋರಿಸಿ, ದೇಹದ ಕಾಯಿಲೆ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕೆಲವರಿಗೆ ಗುಳಿಗೆಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಆಮೇಲೆ ಈ ವಿದ್ಯೆ ಕಲಿತವರನ್ನು ಹುಡುಕಿ, ಆದಷ್ಟು ನಿಮ್ಮ ಮನೆಮಾತು ಬರುವವರನ್ನು. ಬೆಲೆಗೆ ಚೌಕಾಸಿ ಮಾಡಿ, ಮನೆಯಲ್ಲಿ ಮಾಡಲು ಅವರು ಹೇಳಿದ ಕೆಲಸಕ್ಕೆ ಮಾಡಬೇಡಿ. ಹೆದರಿಕೆ ಹೇಳಿದ ಮೊದಲ ದರಕ್ಕೆ ಎಂದೂ ಒಪ್ಪಬೇಡಿ, ಚೀಲದ ನಡುವಿನ ಕಾಳು ತೆಗೆಸಿ ನೋಡಿ. ಹಗ್ಗ ಕಟ್ಟಿ ಬುಟ್ಟಿ ಇಳಿಬಿಡುವ ಮುಂಚೆ, ಜೊತೆಗೆ ಮೆಟ್ಟಿಲು ಇಳಿಯಲು ಬರುತ್ತದೆಯೇ ಎಂದು ಕೇಳಿ. ಮತ್ತೆ, ಅವರು ಒಬ್ಬರೇ ಹೊರಟ ದಿನ, ಒಮ್ಮೆ ನಿಮ್ಮ ಜೇಬಿಗೂ ಕೈ ಹಾಕಿ ನೋಡಿಕೊಳ್ಳಿ.