ಕತ್ತರಿ ಮುಟ್ಟದ ಪರದೆ

ರಂಗಮಂದಿರದ ಪರದೆ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಬೀದಿಯವರ ಬಾಯಲ್ಲಿ ಅವರು ಪರದೆ ಮಾಮ. ಅವರದೊಂದು ಹಟವಿತ್ತು: ಅಂಚು ಹೊಲಿಯಲು ಕೂತರೆ ನಲವತ್ತು ಅಡಿ ಮುಗಿಯುವವರೆಗೂ ಏಳಬಾರದು. ನಡುವೆ ಎದ್ದರೆ ಕೈಯ ಬಿಗಿ ಬದಲಾಗಿ ಬಟ್ಟೆ ಸುಕ್ಕಾಗುತ್ತದೆ.

ಅರವತ್ತೇಳು ದಾಟಿದ ಮೇಲೆ ಆ ಹಟಕ್ಕೇ ಸಂಚಕಾರ ಬಂತು. ಹತ್ತು ಅಡಿಗೊಮ್ಮೆ ಬಚ್ಚಲಿಗೆ ಓಟ. ಅಲ್ಲಿ ನಿಂತರೆ ಹನಿ ಹನಿ. ಮಾತ್ರೆಗಳೂ ಕೈಕೊಟ್ಟವು. ಹೆದರಿ ಪ್ರಾಣಕ್ಕೆ ಪ್ರಾಣವಾಗಿದ್ದ ಚಹಾ ಬಿಟ್ಟರು. ಆದರೂ ಕೆಂಪು ಮಖಮಲ್ ಪರದೆಯ ಅಂಚನ್ನು ಮೂರು ಸಲ ಬಿಚ್ಚಬೇಕಾಯಿತು.

"ಮಿಷನ್ ಮಾರಿಬಿಡ್ತೀನಿ ಕಣೆ."

"ಮಿಷನ್‌ಗೇನಾಗಿದೆ? ರಿಪೇರಿ ಆಗ್ಬೇಕಾದ್ದು ನೀವು, ನಡೀರಿ," ಎಂದು ಹೆಂಡತಿ ದೊಡ್ಡಾಸ್ಪತ್ರೆಗೆ ಹೊರಡಿಸಿದರು.

ಅಲ್ಲಿಯ ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ನೋಡಿ ಹೇಳಿದರು: "ಕ್ಯಾನ್ಸರ್ ಅಲ್ಲ. ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಎರಡೂ ಕಡೆಯಿಂದ ಮೂತ್ರದ ದಾರಿ ಒತ್ತಿದೆ."

"ಕೊಯ್ಯಬೇಕಾ?" ಮಾಮ ಕೇಳಿದರು.

"ಬೇಡ. ಬಿಸಿ ಆವಿ ಬಿಟ್ಟು ಗ್ರಂಥಿ ಕುಗ್ಗಿಸೋದಿದೆ, ಅದಕ್ಕೆ ಹೋಗೋ ರಕ್ತ ತಡೆಯೋದಿದೆ. ನಿಮ್ಮ ಗ್ರಂಥಿಯ ಅಳತೆ, ಆಕಾರಕ್ಕೆ ಇನ್ನೊಂದು ಹೊಂದುತ್ತೆ. ಮೂತ್ರದ ದಾರಿಯಿಂದಲೇ ಸಣ್ಣ ನಳಿಗೆ ಹಾಕಿ, ಒತ್ತುತ್ತಿರೋದನ್ನ ದಾರದಿಂದ ಎರಡೂ ಬದಿಗೆ ಎಳೆದು ಕಟ್ತೀವಿ. ಕತ್ತರಿ ಮುಟ್ಟಿಸೋದೇ ಇಲ್ಲ."

ಮಾಮ ಎದ್ದು ಕಿಟಕಿಯ ಬಳಿ ಹೋದರು. ಇಳಿಬಿದ್ದಿದ್ದ ಪರದೆಯನ್ನು ಎರಡೂ ಬದಿಗೆ ಸರಿಸಿ ಹಿಡಿದರು. ಬೆಳಕು ಮೇಜಿನವರೆಗೂ ಬಂತು.

"ಹೀಗಾ?"

"ಹೀಗೇ."

ಮಾಮ ಕಣ್ಣು ಬಾಯಿ ಬಿಟ್ಟು ನಿಂತರು. ಐವತ್ತು ವರ್ಷ ತಾವು ಬಟ್ಟೆಗೆ ಮಾಡಿದ್ದನ್ನು ಇವರು ಮನುಷ್ಯನ ಒಡಲೊಳಗೆ ಮಾಡುತ್ತಾರಲ್ಲ! "ಎಷ್ಟು ಕಟ್ಟು ಹಾಕ್ತೀರಮ್ಮ?"

"ನಾಲ್ಕು ಸಾಕು."

"ಬರೀ ನಾಲ್ಕೇ!" ಅವರಿಗೆ ಕೈಮುಗಿಯಬೇಕೆನಿಸಿತು, ಎರಡೂ ಕೈಯಲ್ಲಿ ಪರದೆಯಿತ್ತು.

ಚಿಕಿತ್ಸೆಯಾದ ದಿನವೇ ಮನೆಗೆ ಕಳಿಸಿದರು. ಎರಡು ವಾರ ಉರಿಯಿತು, ಆಗೀಗ ಮೂತ್ರ ಕೆಂಪಗೂ ಹೋಯಿತು. ಹೆಂಡತಿ ನೀರು ಕುಡಿಸಿ ಕುಡಿಸಿ ಬೈಸಿಕೊಂಡರು.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೆಂಪು ಮಖಮಲ್ ಮತ್ತೆ ಮಿಷನ್ ಏರಿತು. ಹತ್ತು ಅಡಿ ಆಯಿತು, ಮಿಷನ್ ತುಳಿಯುವ ಕಾಲು ನಿಲ್ಲಲಿಲ್ಲ. ಇಪ್ಪತ್ತಾಯಿತು. ಮೂವತ್ತಕ್ಕೆ ಹಳೆಯ ಭಯದಿಂದ ಎದೆ ಹೊಡೆದುಕೊಂಡಿತು, ಬೇರೇನೂ ಆಗಲಿಲ್ಲ. ನಲವತ್ತಕ್ಕೆ ದಾರ ಕಡಿದು ತಲೆಯೆತ್ತಿದರೆ ಬಾಗಿಲಲ್ಲಿ ಹೆಂಡತಿ ಚಹಾ ಹಿಡಿದು ನಿಂತಿದ್ದರು.

"ಯಾವಾಗ ಬಂದೆ?"

"ಹತ್ತನೇ ಅಡಿಗೇ. ಮಾತಾಡಿಸಿದ್ರೆ ಎಲ್ಲಿ ನಿಲ್ಲಿಸಿಬಿಡ್ತೀರೋ ಅಂತ ಸುಮ್ನಿದ್ದೆ."

ಮಾಮ ಅಂಚಿನುದ್ದಕ್ಕೂ ಬೆರಳಾಡಿಸಿದರು. ಎಲ್ಲೂ ಸುಕ್ಕಿರಲಿಲ್ಲ. ಕಣ್ಣು ತುಂಬಿ ಬಂತು. ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಚಾಚಿದರು.

"ಇನ್ನೊಂದು ಲೋಟ ಕೊಡು. ತುಂಬಾ ಕೊಡು."